ಕೊಂದವರು ಯಾರು? ಈಗಲೇ ಹೇಳಬೇಡಿ!

(ಪತ್ತೇದಾರಿ ಕಥೆಗಳ ಓದುಗರೂ ಧಾರಾವಾಹಿಗಳ ವೀಕ್ಷಕರೂ ಸೇರಿದ್ದ ಭಾನುವಾರದ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಟಿ.ವಿ. ಧಾರಾವಾಹಿ, ಪತ್ತೇದಾರಿ ಕಥೆ ಇವುಗಳ ಬಗ್ಗೆ ಜನ ಒಟ್ಟಿಗೆ ಕೂತು ಮಾತಾಡುತ್ತಾರಲ್ಲ, ಆ ಮಾತುಕತೆಯ ಕುರಿತು ಏನಾದರೂ ಹೇಳಿ ಎಂದು ನನ್ನನ್ನು ಕರೆದಿದ್ದೀರಿ. ಕರೆದವರಿಗೆ ಒಂದು ಸಂಗತಿ ಗೊತ್ತಿರಲಾರದು. ಈ ವಿಷಯದಲ್ಲಿ ನಾನೊಬ್ಬ ತಪ್ಪಿತಸ್ಥ. ಹೇಗೆ ಎಂಬುದನ್ನು ಈಗಲೇ ಹೇಳುವುದಿಲ್ಲ. ಪತ್ತೇದಾರಿ ಕಥೆಯಲ್ಲಿ ತಪ್ಪೊಪ್ಪಿಗೆ ಕೊನೆಗೆ ಬಂದರೇ ಚೆನ್ನ.

ಮೊದಲು 1962ರ ಜನವರಿಗೆ, ಆಗಿನ ಪಶ್ಚಿಮ ಜರ್ಮನಿಗೆ ಹೋಗೋಣ. ಆ ದೇಶದಲ್ಲಿ ಆಗ ಇದ್ದ ಮುಖ್ಯ ಟಿ.ವಿ. ವಾಹಿನಿ ಒಂದೇ. ಇಂಗ್ಲಿಷ್ ಲೇಖಕ ಫ್ರಾನ್ಸಿಸ್ ಡರ್ಬ್ರಿಜ್ ಬರೆದ ಕೊಲೆ ಕಥೆಯೊಂದನ್ನು ಜರ್ಮನ್ ಭಾಷೆಗೆ ತಂದು ಅದರಲ್ಲಿ ಆರು ಕಂತುಗಳಲ್ಲಿ ತೋರಿಸಿದರು. ಹೆಸರು ‘ದಾಸ್ ಹಾಲ್ಸ್‌ಟುಖ್’, ಅಂದರೆ ಕೊರಳ ವಸ್ತ್ರ. ಆ ವಸ್ತ್ರದಿಂದಲೇ ಕತ್ತು ಬಿಗಿದು ಕೊಲೆ. ಕಥೆ ನಡೆಯುವುದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ನೋಡುತ್ತಿದ್ದವರು ಇಡೀ ಪಶ್ಚಿಮ ಜರ್ಮನಿಯವರು. ವೀಕ್ಷಕರ ಪ್ರಮಾಣ ಶೇಕಡಾ 89ರವರೆಗೆ ಏರಿತ್ತೆಂದು ದಾಖಲೆ. ಕಂತು ಪ್ರಸಾರವಾಗುವ ಹೊತ್ತಿಗೆ ಬೀದಿಗಳು ಖಾಲಿ, ಸಿನಿಮಾ ಮಂದಿರಗಳು ಖಾಲಿ. ಇಂಥ ಧಾರಾವಾಹಿಗಳಿಗೆ ಜರ್ಮನರು ಇಟ್ಟ ಹೆಸರೇ ‘ಬೀದಿ ಗುಡಿಸುವವ’ ಎಂದು. ಜನರನ್ನೆಲ್ಲ ಗುಡಿಸಿ ಮನೆಯೊಳಗೆ ಹಾಕುತ್ತದೆ, ಅದಕ್ಕೆ.

ಕೊನೆಯ ಕಂತು ಒಂದು ಬುಧವಾರ. ಅದರ ಹಿಂದಿನ ದಿನ ಬರ್ಲಿನ್ನಿನ ಒಂದು ಸಂಜೆ ಪತ್ರಿಕೆಯಲ್ಲಿ ಪುಟ್ಟ ಜಾಹೀರಾತು ಬಂತು. ನಾಳೆ ಮನೆಯಲ್ಲಿ ಕೂರಬೇಡಿ, ಸಿನಿಮಾಕ್ಕೆ ಹೋಗಿ, ಹೇಗೂ ಕೊಲೆಗಾರ ಡೀಟರ್ ಬೋರ್ಷೆ ಎಂಬುದು ಅದರ ಸಾರಾಂಶ. ಬೋರ್ಷೆ ಆ ಧಾರಾವಾಹಿಯಲ್ಲಿದ್ದ ಪ್ರಸಿದ್ಧ ನಟ. ಜಾಹೀರಾತು ಕೊಟ್ಟವನು ವೋಲ್ಫ್‌ಗಾಂಗ್ ನೋಯ್ಸ್ ಎಂಬ ವಿಡಂಬನಕಾರ. ಅವನದೇ ಒಂದು ಸಿನಿಮಾ ಆಗ ಓಡುತ್ತಿತ್ತು, ಅದಕ್ಕೆ ಜನ ಬೇಕಿತ್ತು.

ಮರುದಿನ ಬೋರ್ಷೆಯೇ ಕೊಲೆಗಾರ ಎಂಬುದು ತೆರೆಯ ಮೇಲೂ ರುಜುವಾತಾಯಿತು. ದೇಶ ಕೆಂಡವಾಯಿತು. ‘ಬಿಲ್ಡ್’ ಪತ್ರಿಕೆ ನೋಯ್ಸ್‌ನನ್ನು ದೇಶದ್ರೋಹಿ ಎಂದು ಕರೆಯಿತು. ಅವನಿಗೆ ಬೆದರಿಕೆಗಳು ಬಂದವು. ನೆನಪಿಡಿ, ಬರ್ಲಿನ್ ಗೋಡೆ ಎದ್ದು ಆಗ ಐದೇ ತಿಂಗಳಾಗಿತ್ತು. ದ್ರೋಹ ಎಂಬ ಮಾತಿಗೆ ನಿಜವಾದ ಭಾರವಿದ್ದ ಊರು, ಕಾಲ ಅದು. ಅಲ್ಲಿ ಆ ಮಾತನ್ನು ಒಂದು ಕಟ್ಟುಕಥೆಯ ಗುಟ್ಟು ಒಡೆದವನ ಮೇಲೆ ಎಸೆದರು. ತಾನು ಬರೀ ಊಹಿಸಿದ್ದೆ ಎಂದು ನೋಯ್ಸ್ ಆಮೇಲೆ ಹೇಳಿಕೊಂಡ. ಅದು ನಿಜವಾಗಿದ್ದರೆ ಅವನು ಮಾಡಿದ್ದು ಜರ್ಮನಿಯ ಪ್ರತಿ ಮನೆಯಲ್ಲೂ ಮಾಡುತ್ತಿದ್ದ ಕೆಲಸವನ್ನೇ. ಉಳಿದವರು ತಮ್ಮ ಊಹೆಯನ್ನು ಹೆಂಡತಿಗೆ, ಪಕ್ಕದ ಮೇಜಿನ ಗುಮಾಸ್ತನಿಗೆ ಹೇಳಿದರು, ಇವನು ಅಚ್ಚು ಹಾಕಿಸಿದ.

ಈ ಪ್ರಸಂಗ ಓದಿದಾಗ ನನಗೆ ಮೊದಲು ನಗು ಬಂತು. ಆಮೇಲೆ ಒಂದು ಪ್ರಶ್ನೆ ಹುಟ್ಟಿತು. ಆ ಜನ ಅಷ್ಟು ಸಿಟ್ಟಾದದ್ದು ಏಕೆ? ಅವರಿಂದ ಕಳವಾದದ್ದು ಏನು? ಕೊನೆಯ ಕಂತಂತೂ ಪ್ರಸಾರವಾಯಿತು, ಯಾರ ಟಿ.ವಿ.ಯನ್ನೂ ನೋಯ್ಸ್ ಒಡೆಯಲಿಲ್ಲ.

ಉತ್ತರಕ್ಕಾಗಿ ನಮ್ಮ ಅಜ್ಜನ ಮನೆಯ ಅಂಗಳಕ್ಕೆ ಬನ್ನಿ. ಪುತ್ತೂರಿನಿಂದ ಆಚೆ, ಅಡಿಕೆ ತೋಟದ ನಡುವಿನ ಮನೆ. 1990ರ ದಶಕದ ಆರಂಭದಲ್ಲಿ ಬೆಂಗಳೂರು ದೂರದರ್ಶನದಲ್ಲಿ ‘ಗುಡ್ಡದ ಭೂತ’ ಬರುತ್ತಿತ್ತು. ಸದಾನಂದ ಸುವರ್ಣರ ನಿರ್ದೇಶನ. ಮುಂದೆ ದೇಶಕ್ಕೆಲ್ಲ ಗೊತ್ತಾದ ಪ್ರಕಾಶ್ ರೈ ಅದರಲ್ಲಿದ್ದರು. ಇಲ್ಲಿರುವ ಹಿರಿಯರಲ್ಲಿ ಹಲವರಿಗೆ ಅದರ ಹಾಡು ಈಗಲೂ ಬಾಯಿಗೆ ಬರುತ್ತದೆ. 2015ರಲ್ಲಿ ‘ರಂಗಿತರಂಗ’ ಸಿನಿಮಾ ಬಂದಾಗ ಕರಾವಳಿಯವರು ಮತ್ತೊಮ್ಮೆ ಅದನ್ನು ನೆನೆದುಕೊಂಡರು. ನಾನಾಗ ಹುಟ್ಟಿರಲಿಲ್ಲ. ಅಮ್ಮ ಹೈಸ್ಕೂಲಿನಲ್ಲಿದ್ದಳು. ಟಿ.ವಿ. ಇದ್ದದ್ದು ಪಕ್ಕದ ಮನೆಯಲ್ಲಿ. ಒಬ್ಬ ಹುಡುಗ ಮಾಡಿನ ಬಳಿ ನಿಂತು ಆಂಟೆನಾ ತಿರುಗಿಸುವುದು, ಒಳಗಿನಿಂದ ‘ಬಂತು, ಬಂತು... ಹೋಯ್ತು ಮಾರಾಯಾ’ ಎಂದು ಕೂಗುವುದು, ಇವೆಲ್ಲ ನಿಮಗೆ ಹೊಸದಲ್ಲ.

ಅಮ್ಮನಿಗೆ ಹೆಚ್ಚು ನೆನಪಿರುವುದು ಆ ಧಾರಾವಾಹಿಯ ದೃಶ್ಯಗಳಲ್ಲ. ಮರುದಿನದಿಂದ ಮುಂದಿನ ವಾರದವರೆಗೆ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ನಡೆದ ವಾದ. ಅಲ್ಲಿರುವುದು ಭೂತವೇ ಎಂದು ಒಂದು ಪಕ್ಷ. ಭೂತವೂ ಇಲ್ಲ ಎಂತದೂ ಇಲ್ಲ, ಮನುಷ್ಯರದ್ದೇ ಕಿತಾಪತಿ ಎಂದು ಇನ್ನೊಂದು ಪಕ್ಷ. ಇದು ಬರೀ ಕಥೆಯ ಜಗಳವಾಗಿರಲಿಲ್ಲ. ವರ್ಷಕ್ಕೊಮ್ಮೆ ಭೂತಕ್ಕೆ ಕೋಲ ಕೊಡುವ ಮನೆಗಳು ಅವು. ‘ನಂಬಿದ ಭೂತವನ್ನು ಹಾಗೆಲ್ಲ ಟಿ.ವಿ.ಯ ಕಳ್ಳರ ಜೊತೆ ಸೇರಿಸಿ ಮಾತಾಡಬೇಡಿ’ ಎಂದು ಅಜ್ಜಿ ಗದರಿಸುತ್ತಿದ್ದರಂತೆ. ಗದರಿಸಿದ ಮೇಲೆ ಅವರೇ ಮೆಲ್ಲ, ‘ಅಲ್ಲ, ಆ ಗಡ್ಡದವನ ಮೇಲೆ ನನಗೆ ಸಂಶಯ’ ಎಂದು ಸೇರಿಸುತ್ತಿದ್ದರಂತೆ. ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸು, ಮನೆಯ ಯಜಮಾನ್ತಿ, ಹೈಸ್ಕೂಲಿನ ಹುಡುಗಿ ಎಲ್ಲರಿಗೂ ಆ ವಾದದಲ್ಲಿ ಒಂದೇ ಸ್ಥಾನ. ಉತ್ತರ ಯಾರಿಗೂ ಗೊತ್ತಿರಲಿಲ್ಲವಲ್ಲ! ಬೇರೆ ಯಾವ ವಿಷಯ ಎತ್ತಿದರೂ ಆ ಅಂಗಳದಲ್ಲಿ ಅಜ್ಜನ ಮಾತೇ ಕೊನೆಯ ಮಾತು. ಇದೊಂದರಲ್ಲಿ ಅಜ್ಜನೂ ಅಡಿಕೆ ಸುಲಿಯುವ ಹೆಂಗಸಿನ ಊಹೆಗೆ ಕಿವಿ ಕೊಡಬೇಕಾಗಿತ್ತು.

ನಾನು ಹೇಳಬೇಕೆಂದಿರುವುದು ಇಷ್ಟೇ. ಕಂತು ಕಂತಾಗಿ ಬರುವ ರಹಸ್ಯ ಕಥೆ ತನ್ನ ವೀಕ್ಷಕರನ್ನೆಲ್ಲ ಸಮಾನ ಅಜ್ಞಾನಿಗಳನ್ನಾಗಿ ಮಾಡುತ್ತದೆ. ನಮ್ಮ ಸಮಾಜದಲ್ಲಿ ಇಂಥ ಸಮಾನತೆ ಸುಲಭಕ್ಕೆ ಸಿಗುವಂಥದ್ದಲ್ಲ. ಎರಡು ಕಂತುಗಳ ನಡುವಿನ ಆ ಒಂದು ವಾರ ನಿರ್ದೇಶಕನದ್ದಲ್ಲ, ವಾಹಿನಿಯದ್ದೂ ಅಲ್ಲ, ಅದು ನೋಡುವವರ ಸ್ವಂತ ಆಸ್ತಿ. ನೋಯ್ಸ್ ಕೈ ಹಾಕಿದ್ದು ಅದಕ್ಕೆ.

ಇದಕ್ಕೊಂದು ದೊಡ್ಡ ಆಕ್ಷೇಪ ಇದೆ. ಅದನ್ನು ಎತ್ತಿದವರು ನನ್ನ ಮಾವ, ಯಕ್ಷಗಾನದ ಹುಚ್ಚಿನವರು. ‘ಕೊನೆ ಗೊತ್ತಾದರೆ ರುಚಿ ಕೆಟ್ಟಿತು ಎನ್ನುತ್ತೀಯಲ್ಲ, ಹಾಗಾದರೆ ಕೀಚಕ ವಧೆ ಆಟಕ್ಕೆ ನಾವು ಯಾಕೆ ಹೋಗುವುದು? ಸಾಯುವವನು ಯಾರು ಅಂತ ಕರಪತ್ರದಲ್ಲೇ ಅಚ್ಚಾಗಿರ್ತದೆ!’ ಎಂದರು. ನಾನು ತಬ್ಬಿಬ್ಬಾದೆ. ನಿಜ, ನಮ್ಮ ಕಥಾ ಪರಂಪರೆ ಗುಟ್ಟಿನ ಮೇಲೆ ನಿಂತದ್ದಲ್ಲ. ತಾಳಮದ್ದಳೆಯಲ್ಲಿ ವಾಲಿ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಸಾಯುವ ಮುಂಚೆ ರಾಮನನ್ನು ಏನು ಕೇಳುತ್ತಾನೆ, ಆ ಅರ್ಥಧಾರಿ ಈ ಸಲ ಎಂಥ ವಾದ ಹೂಡುತ್ತಾನೆ ಎಂಬುದಕ್ಕೆ ಜನ ಕಾಯುತ್ತಾರೆ. ಮರುದಿನ ಹೋಟೆಲಿನಲ್ಲಿ ಚರ್ಚೆಯಾಗುವುದೂ ಅದೇ. 1987ರ ಜನವರಿಯಿಂದ ಒಂದೂವರೆ ವರ್ಷ ರಮಾನಂದ ಸಾಗರರ ‘ರಾಮಾಯಣ’ ಭಾನುವಾರ ಬೆಳಗ್ಗೆ ನಮ್ಮ ದೇಶದ ಬೀದಿಗಳನ್ನೂ ಖಾಲಿ ಮಾಡಿತ್ತು. ಸೀತೆಯನ್ನು ಕದ್ದವರು ಯಾರು ಎಂದು ಯಾರೂ ಯಾರಿಗೂ ಕೇಳುವ ಅಗತ್ಯವಿರಲಿಲ್ಲ.

ಮಾವನ ಮಾತನ್ನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡಿದ್ದೆ. ಈಗ ಅನಿಸುವುದು ಹೀಗೆ: ಎಲ್ಲರಿಗೂ ಗೊತ್ತಿರುವುದು ಒಂದು ಸುಖ. ಯಾರಿಗೂ ಗೊತ್ತಿಲ್ಲದಿರುವುದು ಇನ್ನೊಂದು ಸುಖ. ಒಬ್ಬನಿಗೆ ಮಾತ್ರ ಗೊತ್ತಿರುವಾಗಲೇ ತೊಂದರೆ. ಅವನು ಬಾಯಿ ಬಿಟ್ಟರೆ ಉಳಿದವರ ಆಟ ಮುಗಿಯಿತು. ಬಾಯಿ ಮುಚ್ಚಿಕೊಂಡರೆ ಅವನೇ ಆಟದಿಂದ ಹೊರಗೆ.

ಸರ್ಕ್ಯುಲೇಟಿಂಗ್ ಲೈಬ್ರರಿಗಳ ಕಾಲ ಕಂಡವರು ಇದನ್ನು ಚೆನ್ನಾಗಿ ಬಲ್ಲರು. ಎನ್. ನರಸಿಂಹಯ್ಯನವರ ‘ಪತ್ತೇದಾರ ಪುರುಷೋತ್ತಮ’ನನ್ನು ಓದಿ ಬೆಳೆದ ಒಂದು ತಲೆಮಾರೇ ಇದೆ. ಹೆಚ್ಚು ಶಾಲೆ ಕಲಿಯದ ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ವಿದ್ವಾಂಸರು ಅವರನ್ನು ಸಾಹಿತಿಗಳ ಸಾಲಿಗೆ ಸೇರಿಸಲು ಹಿಂದೆಮುಂದೆ ನೋಡಿದರು, ಓದುಗರು ನೋಡಲಿಲ್ಲ. ಕನ್ನಡ ಬಾವುಟದ ಕಲ್ಪನೆ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದನ್ನು ಈಗಿನವರಿಗೆ ಹೇಳಿದರೆ ಕಣ್ಣು ಬಿಡುತ್ತಾರೆ. ದಿನಕ್ಕೆ ಇಷ್ಟು ಪೈಸೆ ಎಂದು ಬಾಡಿಗೆಗೆ ತಂದ ಆ ಪುಸ್ತಕಗಳನ್ನು ಮಾವ ಒಂದೇ ರಾತ್ರಿಯಲ್ಲಿ ಓದಿ ಮುಗಿಸುತ್ತಿದ್ದರಂತೆ. ಒಂದು ಸಲ ತಂದ ಪುಸ್ತಕದಲ್ಲಿ, ಕಥೆ ಇನ್ನೂ ಕುದುರುವ ಮೊದಲೇ, ಯಾರೋ ಪುಣ್ಯಾತ್ಮ ಒಂದು ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಇವನೇ’ ಎಂದು ಬರೆದಿದ್ದ. ಮಾವ ರಬ್ಬರ್ ತೆಗೆದುಕೊಂಡು ಅಳಿಸಿದರು. ಅಳಿಸಿದ್ದು ಮುಂದಿನವನಿಗಾಗಿ. ತಮ್ಮ ತಲೆಯೊಳಗಿನದ್ದು ಅಳಿಸಲು ಆಗಲಿಲ್ಲ, ಆದರೂ ಕೊನೆಯವರೆಗೆ ಓದಿದರು. ಪೆನ್ಸಿಲಿನವನು ಹೇಳಿದ್ದು ತಪ್ಪಾಗಿತ್ತಂತೆ! ಆ ಖುಷಿಯನ್ನು ಇವತ್ತಿಗೂ ಹೇಳಿಕೊಳ್ಳುತ್ತಾರೆ.

ಹೀಗೆ ಸೇರಿ ಊಹಿಸುವ ಚಟ ಟಿ.ವಿ.ಗಿಂತ ಎಷ್ಟೋ ಹಳೆಯದು. 1870ರಲ್ಲಿ ಚಾರ್ಲ್ಸ್ ಡಿಕನ್ಸ್ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಎಂಬ ಕಾದಂಬರಿಯನ್ನು ತಿಂಗಳಿಗೊಂದು ಕಂತಿನಂತೆ ಹನ್ನೆರಡು ಕಂತುಗಳಲ್ಲಿ ಹೊರತರಲು ಹೊರಟ. ಆರು ಕಂತುಗಳಿಗಾಗುವಷ್ಟು ಬರೆದು, ಜೂನ್ 9ರಂದು ತೀರಿಕೊಂಡ. ಎಡ್ವಿನ್ ಡ್ರೂಡ್ ಕಾಣೆಯಾದ ಯುವಕ. ಸತ್ತನೋ, ಬದುಕಿದ್ದಾನೋ? ಕೊಂದದ್ದು ಅವನ ಚಿಕ್ಕಪ್ಪನ ವರಸೆಯ ಜಾಸ್ಪರನೋ? ಉತ್ತರ ಬಲ್ಲ ಒಬ್ಬನೇ ಮನುಷ್ಯ ಗೋರಿ ಸೇರಿದ್ದ. ಇಲ್ಲಿ ಗುಟ್ಟು ಒಡೆಯುವವರೇ ಇಲ್ಲ, ಹಾಗಾಗಿ ಮಾತೂ ನಿಲ್ಲಲಿಲ್ಲ. 1914ರ ಜನವರಿ 7ರಂದು ಲಂಡನ್ನಿನಲ್ಲಿ ಡಿಕನ್ಸ್ ಅಭಿಮಾನಿಗಳು ಜಾಸ್ಪರನ ಮೇಲೆ ಅಣಕು ಮೊಕದ್ದಮೆಯನ್ನೇ ನಡೆಸಿದರು. ನ್ಯಾಯಾಧೀಶ ಜಿ.ಕೆ. ಚೆಸ್ಟರ್‌ಟನ್. ಪಂಚರ ಮುಖ್ಯಸ್ಥ ಬರ್ನಾರ್ಡ್ ಷಾ. ವಾದ, ಪಾಟೀಸವಾಲು ಎಲ್ಲ ನಡೆದು, ಕೊಲೆಯಲ್ಲ, ಉದ್ದೇಶವಿಲ್ಲದ ನರಹತ್ಯೆ ಎಂದು ಪಂಚರ ತೀರ್ಪು ಬಂತು. ಚೆಸ್ಟರ್‌ಟನ್ ತನ್ನೊಬ್ಬನನ್ನು ಬಿಟ್ಟು ಅಲ್ಲಿದ್ದವರಿಗೆಲ್ಲ ನ್ಯಾಯಾಂಗ ನಿಂದನೆಗಾಗಿ ದಂಡ ಹಾಕಿದ. 1985ರಲ್ಲಿ ಅಮೆರಿಕದಲ್ಲಿ ಇದೇ ಕಥೆ ಸಂಗೀತ ನಾಟಕವಾದಾಗ ಕೊಲೆಗಾರನನ್ನು ಪ್ರತಿ ಪ್ರದರ್ಶನದಲ್ಲೂ ಪ್ರೇಕ್ಷಕರೇ ಮತ ಹಾಕಿ ಆರಿಸುವಂತೆ ಮಾಡಿದ್ದರು. ಚುನಾವಣೆ ನಡೆಸಿ ಅಪರಾಧಿಯನ್ನು ಆರಿಸುವುದು ಬೇರೆಡೆಯೂ ನಡೆಯುತ್ತದೆ ಎನ್ನಬೇಡಿ, ನಾನು ರಾಜಕೀಯ ವರದಿಗಾರನಲ್ಲ.

ಊಹೆಯ ಆಟಕ್ಕೆ ನಿಯಮಗಳೂ ಹುಟ್ಟಿದವು. ಓದುಗನಿಂದ ಸುಳಿವು ಮುಚ್ಚಿಡಬಾರದು, ಮಾಯ ಮಂತ್ರದಿಂದ ಒಗಟು ಬಿಡಿಸಬಾರದು ಎಂಬಂಥ ಹತ್ತು ಕಟ್ಟಳೆಗಳನ್ನು ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಬರೆದ. ಆತನೂ ಪತ್ತೇದಾರಿ ಕಥೆ ಬರೆಯುತ್ತಿದ್ದವನೇ. ಈ ನಿಯಮಗಳು ಲೇಖಕರಿಗೆ. ಓದುಗರಿಗೆ, ಪ್ರೇಕ್ಷಕರಿಗೆ ನಿಯಮ ಹಾಕಿದ್ದು ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕ. 1952ರ ನವೆಂಬರಿನಿಂದ, ಕೋವಿಡ್ ಕಾಲದ ಬಿಡುವನ್ನು ಬಿಟ್ಟರೆ, ಲಂಡನ್ನಿನಲ್ಲಿ ನಡೆಯುತ್ತಲೇ ಇದೆ. ಕೊನೆಯಲ್ಲಿ ಒಬ್ಬ ನಟ ಮುಂದೆ ಬಂದು, ಗುಟ್ಟನ್ನು ನಿಮ್ಮೊಳಗೇ ಇಟ್ಟುಕೊಳ್ಳಿ ಎಂದು ಪ್ರೇಕ್ಷಕರನ್ನು ಕೇಳಿಕೊಳ್ಳುತ್ತಾನೆ. ಪೊಲೀಸರಿಲ್ಲ, ದಂಡವಿಲ್ಲ, ಬರೀ ವಿನಂತಿ. ಎಪ್ಪತ್ತು ವರ್ಷ ಮೀರಿದರೂ ಜನ ಬಹುಮಟ್ಟಿಗೆ ಅದನ್ನು ನಡೆಸಿಕೊಂಡು ಬಂದಿದ್ದಾರೆ.

ಟಿ.ವಿ.ಯವರಿಗೆ ಮಾತ್ರ ಪ್ರೇಕ್ಷಕರ ಮೇಲೆ ಅಷ್ಟು ಭರವಸೆ ಇರಲಿಲ್ಲ. ಅಮೆರಿಕದ ‘ಡಾಲಸ್’ ಧಾರಾವಾಹಿಯಲ್ಲಿ ಜೆ.ಆರ್. ಎಂಬ ಖಳನ ಮೇಲೆ 1980ರ ಮಾರ್ಚ್ 21ರಂದು ಗುಂಡು ಹಾರಿತು. ಹಾರಿಸಿದವರು ಯಾರು ಎಂದು ತಿಳಿದದ್ದು ನವೆಂಬರ್ 21ರಂದು. ನಡುವೆ ಕಲಾವಿದರ ಮುಷ್ಕರ ಬಂದು ಕಾಯುವಿಕೆ ಇನ್ನೂ ಎಳೆಯಿತು. ಎಂಟು ತಿಂಗಳು ಅಮೆರಿಕ, ಇಂಗ್ಲೆಂಡುಗಳಲ್ಲಿ ಇದೇ ಮಾತು. ಗುಟ್ಟು ಸೋರದಿರಲೆಂದು ಬೇರೆ ಬೇರೆ ಪಾತ್ರಗಳು ಗುಂಡು ಹಾರಿಸುವ ದೃಶ್ಯಗಳನ್ನೂ ಚಿತ್ರೀಕರಿಸಿದ್ದರು. ಉತ್ತರದ ಕಂತನ್ನು ಅಮೆರಿಕವೊಂದರಲ್ಲೇ ಎಂಟು ಕೋಟಿಗೂ ಹೆಚ್ಚು ಜನ ನೋಡಿದರು. ಉತ್ತರವೇನೋ ಸಾಧಾರಣದ್ದೇ. ಎಂಟು ತಿಂಗಳ ಮಾತಿನ ಮುಂದೆ ಯಾವ ಉತ್ತರ ತಾನೇ ನಿಂತೀತು?

ಹತ್ತು ವರ್ಷದ ಮೇಲೆ ಇನ್ನೂ ವಿಚಿತ್ರ ನಡೆಯಿತು. ಡೇವಿಡ್ ಲಿಂಚ್ ಮತ್ತು ಮಾರ್ಕ್ ಫ್ರಾಸ್ಟ್ ಅವರ ‘ಟ್ವಿನ್ ಪೀಕ್ಸ್’ 1990ರ ಏಪ್ರಿಲಿನಲ್ಲಿ ಆರಂಭವಾಯಿತು. ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರು? ಜನ ವಿ.ಸಿ.ಆರ್.ನಲ್ಲಿ ಕಂತುಗಳನ್ನು ಮುದ್ರಿಸಿಕೊಂಡು, ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಸುಳಿವು ಹುಡುಕಿದರು. ಮಾರನೆಯ ದಿನ ಕಚೇರಿಯಲ್ಲಿ ಕಾಫಿಯ ಹೊತ್ತಿಗೆ ಅದೇ ವಿಚಾರ. ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ಜಾಲ ಇದ್ದವರು ಅದರ ಮೂಲಕವೇ ಒಬ್ಬರಿಗೊಬ್ಬರು ತಮ್ಮ ತರ್ಕಗಳನ್ನು ಬರೆದು ಕಳುಹಿಸಿದರು. ಒಬ್ಬರ ಮುಖ ಇನ್ನೊಬ್ಬರು ಕಾಣದೆ ಒಂದೇ ಕೊಲೆಯನ್ನು ತನಿಖೆ ಮಾಡುವ ಪದ್ಧತಿ ಆಗಲೇ ಶುರುವಾಗಿತ್ತು. ಉತ್ತರವನ್ನು ಸದ್ಯಕ್ಕೆ ಹೇಳುವ ಮನಸ್ಸು ಲಿಂಚ್‌ಗೆ ಇರಲಿಲ್ಲ. ವಾಹಿನಿಯವರು ಒತ್ತಾಯಿಸಿದರು. ಅದೇ ನವೆಂಬರಿನಲ್ಲಿ ಕೊಲೆಗಾರನ ಗುರುತು ಸಿಕ್ಕಿತು. ಆಮೇಲೆ ವೀಕ್ಷಕರ ಸಂಖ್ಯೆ ಕುಸಿಯಿತು, ಮರುವರ್ಷ ಧಾರಾವಾಹಿಯೇ ನಿಂತಿತು. ಚಿನ್ನದ ಮೊಟ್ಟೆ ಇಡುವ ಕೋಳಿಯ ಹೊಟ್ಟೆ ಸೀಳಿದ ಕಥೆ ನಮಗೆಲ್ಲ ಗೊತ್ತಲ್ಲ, ಹಾಗೆ.

ನಮ್ಮ ದೂರದರ್ಶನದ ಪತ್ತೇದಾರರ ರೀತಿ ಬೇರೆ. 1985ರ ‘ಕರಮ್‌ಚಂದ್’ ಇರಲಿ, ಶರದಿಂದು ಬಂದ್ಯೋಪಾಧ್ಯಾಯರ ಕಥೆಗಳಿಂದ ಬಾಸು ಚಟರ್ಜಿ 1993ರಲ್ಲಿ ತಂದ ‘ಬ್ಯೋಮಕೇಶ್ ಬಕ್ಷಿ’ ಇರಲಿ, ಹೆಚ್ಚಿನ ಪ್ರಕರಣಗಳು ಆಯಾ ಕಂತಿನಲ್ಲೇ ಮುಗಿಯುತ್ತಿದ್ದವು. ವಾರಗಟ್ಟಲೆ ಊಹಿಸುವ ಕಷ್ಟ ಕೊಡಲಿಲ್ಲ. ಕನ್ನಡದವರಿಗೆ ಕಾಯುವ ಸುಖ ಕಲಿಸಿದ್ದು ಮೊದಲು ‘ಸುಧಾ’, ‘ತರಂಗ’ಗಳಂಥ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಗಳು. ಟಿ.ವಿ.ಯಲ್ಲಿ ದಿನದಿನವೂ ಕಾಯುವುದನ್ನು ಕಲಿಸಿದ್ದು 1998ರ ‘ಮಾಯಾಮೃಗ’. ಅದು ಪತ್ತೇದಾರಿ ಕಥೆಯಲ್ಲ. ಆದರೂ ಆ ಹೊತ್ತಿಗೆ ಮನೆಗೆ ನೆಂಟರು ಬಂದರೆ ಅವರನ್ನೂ ಟಿ.ವಿ. ಮುಂದೆ ಕೂರಿಸಿ, ಇವಳು ಯಾರು, ಅವನಿಗೆ ಏನಾಗಬೇಕು ಎಂದು ವಂಶವೃಕ್ಷ ಬಿಡಿಸಿ ಹೇಳುತ್ತಿದ್ದ ದೊಡ್ಡಮ್ಮಂದಿರು ನಮ್ಮಲ್ಲಿದ್ದರು. ಹಿಂದಿನ ಕಂತು ತಪ್ಪಿಸಿಕೊಂಡವರಿಗೆ ಕಥೆ ಹೇಳುವುದು ಗುಟ್ಟು ಒಡೆಯುವುದಲ್ಲ, ಅದು ಕೈ ಹಿಡಿದು ಸಾಲಿಗೆ ಸೇರಿಸಿಕೊಳ್ಳುವುದು. ‘ಗುಡ್ಡದ ಭೂತ’ದ ಕೊನೆಯ ಕಂತಿನ ದಿನ ಅಜ್ಜನ ಮನೆಯ ಕಡೆ ಕರೆಂಟ್ ಹೋಗಿತ್ತು. ಪೇಟೆಯಲ್ಲಿ ನೋಡಿ ಬಂದ ಮೂವರು ಮೂರು ರೀತಿ ಕಥೆ ಹೇಳಿದರು. ಅಮ್ಮ ಆ ಕಂತನ್ನು ಇಂದಿಗೂ ನೋಡಿಲ್ಲ. ಮೂರು ಕೊನೆಗಳು ಸಿಕ್ಕಿರುವಾಗ ಒಂದನ್ನು ನೋಡಿ ಎಂತ ಆಗಬೇಕು ಎನ್ನುತ್ತಾಳೆ.

2013ರಲ್ಲಿ ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ ಹದಿಮೂರು ಕಂತುಗಳನ್ನೂ ಒಂದೇ ದಿನ ಬಿಟ್ಟಿತು. ಆ ಪದ್ಧತಿ ಈಗ ನಮ್ಮಲ್ಲೂ ಮಾಮೂಲು. ನನ್ನ ವಯಸ್ಸಿನವರು ಸೇರಿದಾಗ ಕೇಳುವ ಮೊದಲ ಪ್ರಶ್ನೆ, ‘ನೀನು ಎಷ್ಟನೇ ಕಂತಿನಲ್ಲಿದ್ದೀಯ?’ ಒಬ್ಬಳು ಎರಡರಲ್ಲಿ, ಒಬ್ಬ ಏಳರಲ್ಲಿ, ಮತ್ತೊಬ್ಬ ರಾತ್ರಿಯೆಲ್ಲ ಎಚ್ಚರವಿದ್ದು ಮುಗಿಸಿ ಕೆಂಪು ಕಣ್ಣು ಬಿಟ್ಟುಕೊಂಡು ಬಂದಿರುತ್ತಾನೆ. ಅಲ್ಲಿಗೆ ಮಾತು ನಿಲ್ಲುತ್ತದೆ. ‘ನೀನೂ ಮುಗಿಸು, ಆಮೇಲೆ ಮಾತಾಡೋಣ’ ಎನ್ನುತ್ತಾನೆ. ಅವಳು ಮುಗಿಸುವ ಹೊತ್ತಿಗೆ ಅವನಿಗೆ ಅರ್ಧ ಮರೆತಿರುತ್ತದೆ. ಕೆಲವು ಧಾರಾವಾಹಿಗಳನ್ನು ಈಗ ಮತ್ತೆ ವಾರಕ್ಕೊಂದರಂತೆ ಬಿಡುತ್ತಿದ್ದಾರೆ. ವ್ಯಾಪಾರದ ಲೆಕ್ಕ ಅವರಿಗಿರಬಹುದು, ನನಗಂತೂ ಸಮಾಧಾನ.

ಇನ್ನು ನನ್ನ ತಪ್ಪೊಪ್ಪಿಗೆ. ಡಿಪ್ಲೊಮಾ ತರಗತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಮುಖ್ಯ ಸಂಗತಿ ಮೊದಲ ವಾಕ್ಯದಲ್ಲೇ ಬರಬೇಕು ಎಂಬುದು. ಯಾರು, ಏನು, ಎಲ್ಲಿ, ಯಾವಾಗ. ಪತ್ತೇದಾರಿ ಕಥೆಗಾರ ಮುನ್ನೂರು ಪುಟ ಮುಚ್ಚಿಡುವುದನ್ನು ನಾವು ಮೂರು ಸೆಕೆಂಡಿನಲ್ಲಿ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ತಿಂಗಳುಗಟ್ಟಲೆ ಒಂದು ಕೊಲೆಯ ಸುತ್ತ ಸುತ್ತಿದ ಧಾರಾವಾಹಿಯ ಮುಕ್ತಾಯದ ಬಗ್ಗೆ ನಾನೊಂದು ಸುದ್ದಿ ಬರೆದೆ. ಚಿತ್ರೀಕರಣಕ್ಕೆ ಹೋಗಿದ್ದವರೊಬ್ಬರಿಂದ ಕೊಲೆಗಾರ ಯಾರೆಂದು ತಿಳಿದಿತ್ತು. ಮೊದಲ ವಾಕ್ಯದಲ್ಲೇ ಬರೆದೆ. ಕೊನೆಯ ಕಂತಿನ ದಿನ ಬೆಳಗ್ಗೆ ಅಚ್ಚಾಯಿತು. ಎಲ್ಲರಿಗಿಂತ ಮೊದಲು ಕೊಟ್ಟೆನೆಂದು ಬೀಗುತ್ತಿದ್ದೆ.

ಹತ್ತು ಗಂಟೆಗೆ ಕಚೇರಿಗೆ ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. ‘ಸುದ್ದಿ ಬರೆದವರು ನೀವೇಯಾ?’ ಎಂದರು. ಹೌದೆಂದೆ. ನನ್ನ ದನಿ ಕೇಳಿ ಚಿಕ್ಕವನೆಂದು ತಿಳಿಯಿತೇನೋ, ‘ನೋಡು ಮಗಾ’ ಎಂದು ಶುರು ಮಾಡಿದರು. ಅವರ ಯಜಮಾನರಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. ಮಾತು ಹೆಚ್ಚು ಬರುತ್ತಿರಲಿಲ್ಲ. ಬೆಳಗ್ಗೆ ಇವರು ಪೇಪರ್ ಓದಿ ಹೇಳುವುದು, ಸಂಜೆ ಇಬ್ಬರೂ ಆ ಧಾರಾವಾಹಿ ನೋಡುವುದು. ಕಂತು ಮುಗಿದ ಮೇಲೆ ಹತ್ತು ರೂಪಾಯಿಯ ಪಂಥ. ಕೊಲೆಗಾರ ಯಾರು ಎಂದು ಅವರು ಕಷ್ಟಪಟ್ಟು ಒಂದು ಹೆಸರು ಹೇಳುವುದು, ಇವರು ಬೇರೆ ಹೆಸರು ಹೇಳಿ ಜಗಳಕ್ಕೆ ನಿಲ್ಲುವುದು. ‘ನಾನು ಇವತ್ತು ಆ ಒಂದು ಸುದ್ದಿ ಬಿಟ್ಟು ಓದಿದೆ ಮಗಾ. ಅವರಿಗೆ ಗೊತ್ತಿಲ್ಲ. ಆದರೆ ನನಗೆ ಗೊತ್ತಾಯಿತಲ್ಲ, ಇನ್ನು ಪಂಥ ಕಟ್ಟುವುದು ಹೇಗೆ?’

ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮರುದಿನ ಮಧ್ಯಾಹ್ನ ಅದೇ ನಂಬರಿಗೆ ನಾನೇ ಫೋನ್ ಮಾಡಿದೆ. ಯಜಮಾನರು ಹಿಡಿದ ಹೆಸರೇ ಸರಿಯಾಗಿತ್ತಂತೆ. ಇವರು ಗೊತ್ತಿದ್ದೂ ಬೇರೆಯವನ ಹೆಸರಿಗೆ ಪಂಥ ಕಟ್ಟಿ, ಕೊನೆಯವರೆಗೂ ಅವನ ಪರವಾಗಿ ವಾದಿಸಿ, ಹತ್ತು ರೂಪಾಯಿ ಸೋತಿದ್ದರು. ‘ಅವರು ನೋಟನ್ನು ತಲೆದಿಂಬಿನ ಅಡಿಗೆ ಇಟ್ಟುಕೊಂಡಿದ್ದಾರೆ. ಜೋರಾಗಿ ಮಾತಾಡಬೇಡ, ಈಗ ಮಲಗಿದ್ದಾರೆ’ ಎಂದರು.

ಆ ಧಾರಾವಾಹಿ ಯಾವುದು, ಕೊಂದವರು ಯಾರು ಎಂದು ಆಗಿನಿಂದ ಮುಂದಿನ ಸಾಲಿನವರು ಪಿಸುಗುಡುತ್ತಿದ್ದೀರಿ. ಹೇಳುವುದಿಲ್ಲ. ನಿಮ್ಮಲ್ಲಿ ಯಾರೋ ಒಬ್ಬರು ಅದನ್ನು ಇನ್ನೂ ನೋಡಿಲ್ಲದಿರಬಹುದು.